ಒಂದು ಬ್ರಾಕೆಟ್, 1,200 ಎಕರೆ: ಹೊನವಾಡದ ವಕ್ಫ್ ಭೂಮಿ ಪ್ರಕರಣ

2024ರ ಅಕ್ಟೋಬರ್ ಕೊನೆಯಲ್ಲಿ ವಿಜಯಪುರ ಜಿಲ್ಲೆಯ ಹೊನವಾಡ ಎಂಬ ಊರಿನ ಹೆಸರು ದಿನಾ ಪೇಪರಿನಲ್ಲಿ ಬರುತ್ತಿತ್ತು. ತಿಕೋಟಾ ತಾಲ್ಲೂಕಿನ ಹಳ್ಳಿ ಅದು. ಅಲ್ಲಿನ ಸುಮಾರು 1,200 ಎಕರೆ ಜಮೀನು ವಕ್ಫ್ ಆಸ್ತಿ (ಮುಸ್ಲಿಂ ಧಾರ್ಮಿಕ, ದಾನಧರ್ಮದ ಕೆಲಸಕ್ಕೆ ಬಿಟ್ಟ ಆಸ್ತಿ) ಆಗುತ್ತಿದೆ, ದರ್ಗಾ ಒಂದರ ಹೆಸರಿಗೆ ಹೋಗುತ್ತಿದೆ ಅಂತ ರೈತರು ಗಾಬರಿಯಾಗಿದ್ದರು. ತಲೆಮಾರುಗಳಿಂದ ಉಳುತ್ತಾ ಬಂದ ಹೊಲ. ಪಹಣಿಯಲ್ಲಿ ಅವರದ್ದೇ ಹೆಸರು. ಹೀಗಿರುವಾಗ ಒಂದು ದಿನ ಇದು ನಿಮ್ಮದಲ್ಲ ಅನ್ನೋ ಸುದ್ದಿ ಬಂದರೆ ಯಾರಿಗೆ ತಾನೇ ನಿದ್ದೆ ಬರುತ್ತದೆ?

ಮುಂದೆ ಆದದ್ದು ಎಲ್ಲರಿಗೂ ನೆನಪಿದೆ. ಧರಣಿ ನಡೆಯಿತು, ಪಕ್ಷಗಳ ತಂಡಗಳು ಊರಿಗೆ ಬಂದವು, ವಕ್ಫ್ ತಿದ್ದುಪಡಿ ಮಸೂದೆ ನೋಡುತ್ತಿದ್ದ ಸಂಸತ್ತಿನ ಜಂಟಿ ಸಮಿತಿಯ ಅಧ್ಯಕ್ಷರೂ ನವೆಂಬರ್‌ನಲ್ಲಿ ವಿಜಯಪುರಕ್ಕೆ ಬಂದು ಹೋದರು. ಯಾರು ಯಾರ ಜಮೀನು ಕಸಿಯುತ್ತಿದ್ದಾರೆ ಅನ್ನೋ ಮಾತು ಜೋರಾಯಿತು. ಆ ಮಾತಿನ ಗಲಾಟೆಯಲ್ಲಿ ದಾಖಲೆಯ ಕಥೆ ಹಿಂದೆ ಸರಿಯಿತು. ನನಗೆ ಹೇಳಬೇಕಿರುವುದು ಆ ದಾಖಲೆಯ ಕಥೆ. ಒಂದು ಸರ್ಕಾರಿ ಮಂಡಳಿ ದತ್ತಿ ಭೂಮಿಯ ಲೆಕ್ಕವನ್ನು ಹೇಗೆ ಇಡುತ್ತದೆ, ಆ ಲೆಕ್ಕ ಎಲ್ಲಿ ತಪ್ಪುತ್ತದೆ, ತಪ್ಪಿದಾಗ ರೈತನ ಜೊತೆಗೆ ದತ್ತಿಗೂ ಹೇಗೆ ನಷ್ಟವಾಗುತ್ತದೆ ಅನ್ನೋದು ಹೊನವಾಡದಷ್ಟು ಚೆನ್ನಾಗಿ ಬೇರೆಲ್ಲೂ ಕಾಣಿಸುವುದಿಲ್ಲ.

ಮೊದಲು ಆ ತಪ್ಪು ಏನು ಅಂತ ನೋಡೋಣ.

ಜಿಲ್ಲಾ ಉಸ್ತುವಾರಿ ಸಚಿವರಾಗಿದ್ದ ಎಂ.ಬಿ. ಪಾಟೀಲರು ಪತ್ರಿಕಾಗೋಷ್ಠಿ ಕರೆದು ಕೊಟ್ಟ ವಿವರಣೆ ಹೀಗಿತ್ತು. 1974ರಲ್ಲಿ ವಕ್ಫ್ ಆಸ್ತಿಗಳ ಗೆಜೆಟ್ ಅಧಿಸೂಚನೆ ಬಂತು. ಅದರಲ್ಲಿ ಮಹಲಬಾಗಾಯತ ಅನ್ನೋ ಊರಿನ ಸರ್ವೆ ನಂಬರುಗಳ ಪಟ್ಟಿ ಇದೆ. ಮಹಲಬಾಗಾಯತ ಇರುವುದು ವಿಜಯಪುರ ನಗರದ ಮಗ್ಗುಲಲ್ಲಿ. ಆ ಹೆಸರಿನ ಪಕ್ಕದಲ್ಲಿ, ಬ್ರಾಕೆಟ್ ಒಳಗೆ, ಹೊನವಾಡ ಅಂತ ತಪ್ಪಾಗಿ ಸೇರಿಕೊಂಡಿತು. ಅಷ್ಟೇ. 1977ರಲ್ಲಿ ವಕ್ಫ್ ಮಂಡಳಿಯೇ ಇದನ್ನು ಸರಿಪಡಿಸಿತು. ಹೊನವಾಡದಲ್ಲಿ ನಿಜಕ್ಕೂ ವಕ್ಫ್‌ಗೆ ಸೇರಿದ್ದು 11 ಎಕರೆ ಮಾತ್ರ, ಅದರಲ್ಲಿ ಬಹುಪಾಲು ಖಬರಸ್ತಾನ.

1,200 ಎಕರೆ ಎಲ್ಲಿ, 11 ಎಕರೆ ಎಲ್ಲಿ!

ಸರ್ವೆ ನಂಬರ್ ಅನ್ನೋದು ಊರಿಗೆ ಅಂಟಿಕೊಂಡ ನಂಬರು. ಪ್ರತಿ ಗ್ರಾಮದಲ್ಲೂ 1ರಿಂದ ಶುರುವಾಗುತ್ತದೆ. 45ನೇ ಸರ್ವೆ ನಂಬರ್ ಅಂತ ಸುಮ್ನೆ ಹೇಳಿದರೆ ಅದಕ್ಕೆ ಅರ್ಥವೇ ಇಲ್ಲ, ಯಾವ ಊರಿನ 45 ಅಂತ ಹೇಳಬೇಕು. ಹಾಗಾಗಿ ಪಟ್ಟಿಯಲ್ಲಿ ಊರಿನ ಹೆಸರು ತಪ್ಪಾದರೆ ಒಂದು ಎಕರೆಯೋ ಎರಡು ಎಕರೆಯೋ ಆಚೀಚೆ ಆಗುವುದಿಲ್ಲ, ಪಟ್ಟಿಗೆ ಪಟ್ಟಿಯೇ ಎದ್ದು ಇನ್ನೊಂದು ಊರಿನ ಮೇಲೆ ಹೋಗಿ ಕೂರುತ್ತದೆ. ಅಲ್ಲಿ ಆ ನಂಬರಿನ ಹೊಲ ಇದ್ದೇ ಇರುತ್ತದೆ, ಆ ಹೊಲಕ್ಕೆ ಒಬ್ಬ ರೈತನೂ ಇದ್ದೇ ಇರುತ್ತಾನೆ. ಅದಕ್ಕೇ ಈ ತರಹದ ತಪ್ಪು ಕಾಗದದ ಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಇಲ್ಲಿ ನನ್ನನ್ನು ಕಾಡುವ ಪ್ರಶ್ನೆ ಒಂದೇ. 1977ರಲ್ಲೇ ಸರಿಯಾದ ತಪ್ಪು 2024ರಲ್ಲಿ ಮತ್ತೆ ಎದ್ದು ಬಂದದ್ದು ಹೇಗೆ? 47 ವರ್ಷ ಆಗಿತ್ತು ಅಲ್ವಾ? ಹೊನವಾಡದ ರೈತರಿಗೆ ನೋಟಿಸ್ ಕೊಟ್ಟೇ ಇಲ್ಲ ಅಂತ ಸಚಿವರು ಹೇಳಿದರು. ರೈತರು ಭಯಪಟ್ಟದ್ದು ಮಾತ್ರ ನಿಜ. ಆ ಭಯ ಹುಟ್ಟಲು ಒಂದು ಪಟ್ಟಿ ಕಾರಣ, ಆ ಪಟ್ಟಿ ಯಾವುದೋ ಕಪಾಟಿನಲ್ಲಿ ಇನ್ನೂ ಜೀವಂತ ಇತ್ತು. ತಿದ್ದುಪಡಿ ಹಾಳೆ ಒಂದು ಕಡೆ, ಮೂಲ ಗೆಜೆಟ್ ಇನ್ನೊಂದು ಕಡೆ. ತಿದ್ದುಪಡಿ ನೆನಪಿದ್ದವರು ನಿವೃತ್ತಿಯಾದರು. ಗೆಜೆಟ್ ಮಾತ್ರ ಉಳಿಯಿತು.

ನನಗೆ ಪಹಣಿ ಓದುವ ಅಭ್ಯಾಸ ಬಂದದ್ದು ನಮ್ಮ ಮನೆಯ ಕಾರಣಕ್ಕೆ. ಅಪ್ಪ ತೀರಿಸಿ ಎಷ್ಟೋ ವರ್ಷವಾಗಿದ್ದ ಬೆಳೆ ಸಾಲವೊಂದು ನಮ್ಮ ಪಹಣಿಯ 11ನೇ ಕಾಲಂನಲ್ಲಿ ಹಾಗೇ ಕೂತಿತ್ತು. ಬ್ಯಾಂಕು ಸಾಲ ತೀರಿದೆ ಅಂತ ಪತ್ರ ಕೊಟ್ಟಿತ್ತು, ಆ ಪತ್ರ ಮನೆಯ ಪೆಟ್ಟಿಗೆಯಲ್ಲಿತ್ತು, ತಾಲ್ಲೂಕು ಕಚೇರಿಗೆ ಹೋಗಿರಲಿಲ್ಲ. ಅದನ್ನು ತೆಗೆಸಲು ನಾನು ಓಡಾಡಿದ ದಿನಗಳಲ್ಲಿ ಒಂದು ಮಾತು ಚೆನ್ನಾಗಿ ಅರ್ಥವಾಯಿತು. ಸರ್ಕಾರಿ ಪುಸ್ತಕಕ್ಕೆ ಬರೆಯಲು ಒಬ್ಬ ಅಧಿಕಾರಿ ಸಾಕು, ಅಳಿಸಬೇಕಾದರೆ ನೀವೇ ಹಿಂದೆ ಬೀಳಬೇಕು. ಹೊನವಾಡದ ಸುದ್ದಿ ಓದುವಾಗ ನನಗೆ ಮೊದಲು ನೆನಪಾದದ್ದು ಅದೇ 11ನೇ ಕಾಲಂ.

ಯಾಕೆಂದರೆ ವಿಜಯಪುರ ಜಿಲ್ಲೆಯಲ್ಲಿ ಗಲಾಟೆ ಆದದ್ದೂ 11ನೇ ಕಾಲಂ ಬಗ್ಗೆಯೇ. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು ಇರುತ್ತದೆ. 11ನೇ ಕಾಲಂನಲ್ಲಿ ಆ ಜಮೀನಿನ ಮೇಲೆ ಬೇರೆಯವರಿಗೆ ಇರುವ ಹಕ್ಕು, ಸಾಲ, ಋಣ ಇತ್ಯಾದಿ. ಅಲ್ಲಿ ವಕ್ಫ್ ಅಂತ ಒಂದು ಪದ ಬಿದ್ದರೆ 9ರಲ್ಲಿ ರೈತನ ಹೆಸರು ಹಾಗೇ ಇದ್ದರೂ ಅವನ ಕೈ ಕಟ್ಟಿದ ಹಾಗೆ. ಸಾಲ ಕೇಳಿದರೆ ಬ್ಯಾಂಕಿನವರು ಹಿಂದೆ ಸರಿಯುತ್ತಾರೆ. ಮಾರಲು ಹೋದರೆ ಕೊಳ್ಳುವವನು ಬರುವುದಿಲ್ಲ. ಇಂಡಿ ತಾಲ್ಲೂಕಿನಲ್ಲಿ ನಲವತ್ತಕ್ಕೂ ಹೆಚ್ಚು ಸರ್ವೆ ನಂಬರುಗಳಿಗೆ ನೋಟಿಸ್ ಕೊಡದೆಯೇ ಹೀಗೆ ವಕ್ಫ್ ಅಂತ ನಮೂದಾಗಿತ್ತು. ಅದು ತಪ್ಪು ಅಂತ ಸರ್ಕಾರವೇ ಒಪ್ಪಿಕೊಂಡಿತು. ಪಹಣಿಯಲ್ಲಿ ಯಾವ ಬದಲಾವಣೆ ಮಾಡಬೇಕಾದರೂ ಸಂಬಂಧಪಟ್ಟವರಿಗೆ ನೋಟಿಸ್ ಕೊಡಬೇಕು, ತಕರಾರು ಕೇಳಬೇಕು. ಇದು 1964ರ ಭೂಕಂದಾಯ ಕಾಯ್ದೆಯ ಮಾತು, ಹೊಸದೇನಲ್ಲ.

ಹಾಗಾದರೆ ಕಂದಾಯ ಇಲಾಖೆಯವರು ಯಾಕೆ ಈ ಕೆಲಸಕ್ಕೆ ಕೈ ಹಾಕಿದರು? ಅದಕ್ಕೂ ಒಂದು ಕಾನೂನು ಇದೆ. 1995ರ ವಕ್ಫ್ ಕಾಯ್ದೆಗೆ 2013ರಲ್ಲಿ ತಿದ್ದುಪಡಿ ಆಯಿತು. ಗೆಜೆಟ್‌ನಲ್ಲಿ ಬಂದ ವಕ್ಫ್ ಪಟ್ಟಿಯನ್ನು ಕಂದಾಯ ಅಧಿಕಾರಿಗಳು ಭೂದಾಖಲೆಯಲ್ಲಿ ಸೇರಿಸಬೇಕು, ಮುಟೇಷನ್ (ಭೂದಾಖಲೆಯಲ್ಲಿ ಹಕ್ಕಿನ ಬದಲಾವಣೆ) ಮಾಡುವಾಗ ಆ ಪಟ್ಟಿಯನ್ನು ಗಮನಿಸಬೇಕು ಅಂತ ಅದು ಹೇಳಿತು. 2024ರಲ್ಲಿ ವಕ್ಫ್ ಸಚಿವರು ಜಿಲ್ಲೆ ಜಿಲ್ಲೆಗೆ ಹೋಗಿ ವಕ್ಫ್ ಅದಾಲತ್ ನಡೆಸಿದರು, ಬಾಕಿ ಇರುವ ಇಂದೀಕರಣ, ಅಂದರೆ ವಕ್ಫ್ ಹೆಸರನ್ನು ಭೂದಾಖಲೆಗೆ ಸೇರಿಸುವ ಕೆಲಸ, ಬೇಗ ಮುಗಿಸಿ ಅಂತ ಒತ್ತಡ ಬಂತು. ಉದ್ದೇಶದಲ್ಲಿ ತಪ್ಪಿಲ್ಲ. ದತ್ತಿ ಆಸ್ತಿ ಒತ್ತುವರಿ ಆಗಬಾರದು ಅಂದರೆ ಅದು ಪಹಣಿಯಲ್ಲಿ ಕಾಣಲೇಬೇಕು. ಆದರೆ ಯಾವ ಪಟ್ಟಿಯನ್ನು ತಂದು ಪಹಣಿಗೆ ಸೇರಿಸುತ್ತಿದ್ದೀರಿ? ಆ ಪಟ್ಟಿಯ ವಯಸ್ಸೆಷ್ಟು? ಅದು ಬಂದ ಮೇಲೆ ಆ ಭೂಮಿಗೆ ಏನೇನಾಗಿದೆ? ಈ ಮೂರು ಪ್ರಶ್ನೆ ಕೇಳದೆ ಕೆಲಸಕ್ಕಿಳಿದದ್ದೇ ಇಡೀ ಪ್ರಕರಣದ ಬೇರು ಅಂತ ನನಗೆ ಅನಿಸುತ್ತದೆ.

ಈಗ ಕೂಡಿ ಕಳೆಯುವ ಲೆಕ್ಕಕ್ಕೆ ಬರೋಣ

ಆ ಪತ್ರಿಕಾಗೋಷ್ಠಿಯ ಹೊತ್ತಿನಲ್ಲೇ ಇಡೀ ಜಿಲ್ಲೆಯ ಅಂಕಿಗಳೂ ಹೊರಬಂದವು. ಗಲಾಟೆಯಲ್ಲಿ ಅವನ್ನು ಯಾರೂ ಜಾಸ್ತಿ ಓದಲಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುಳು ಅಲ್ಲೇ ಇದೆ.

ವಿಜಯಪುರ ಜಿಲ್ಲೆಯಲ್ಲಿ ಗೆಜೆಟ್ ಪ್ರಕಾರ ವಕ್ಫ್ ಆಸ್ತಿ 14,201 ಎಕರೆ 32 ಗುಂಟೆ. ಇದರಲ್ಲಿ 11,835 ಎಕರೆ 29 ಗುಂಟೆ ಭೂ ಸುಧಾರಣಾ ಕಾಯ್ದೆಯಡಿ ರೈತರಿಗೆ ಮಂಜೂರಾಗಿದೆ. 1,459 ಎಕರೆ 26 ಗುಂಟೆ ಇನಾಂ (ಹಿಂದಿನ ಕಾಲದಲ್ಲಿ ದಾನವಾಗಿ ಕೊಟ್ಟ ಭೂಮಿ) ರದ್ದತಿ ಕಾಯ್ದೆಯಡಿ ಮಂಜೂರಾಗಿದೆ. 133 ಎಕರೆ 17 ಗುಂಟೆಯನ್ನು ಸರ್ಕಾರ ಬೇರೆ ಬೇರೆ ಯೋಜನೆಗೆ ಸ್ವಾಧೀನ ಮಾಡಿಕೊಂಡಿದೆ. ಕೊನೆಗೆ ವಕ್ಫ್ ಕೈಯಲ್ಲಿ ಉಳಿದದ್ದು 773 ಎಕರೆ.

ನಾನು ಕಾಗದ ಪೆನ್ನು ಹಿಡಿದು ಕೂಡಿಸಿ ನೋಡಿದೆ. 40 ಗುಂಟೆಗೆ ಒಂದು ಎಕರೆ. ಮೊದಲ ಎರಡು ಸೇರಿದರೆ 13,295 ಎಕರೆ 15 ಗುಂಟೆ. ಅದಕ್ಕೆ ಯೋಜನೆಗಳ ಜಮೀನು ಸೇರಿದರೆ 13,428 ಎಕರೆ 32 ಗುಂಟೆ. 773 ಸೇರಿಸಿದರೆ ಸರಿಯಾಗಿ 14,201 ಎಕರೆ 32 ಗುಂಟೆ. ಒಂದು ಗುಂಟೆಯೂ ತಪ್ಪಿಲ್ಲ.

ಇದನ್ನು ನೋಡಿ ನನಗೆ ನಿಜಕ್ಕೂ ಬೇಜಾರಾಯಿತು. ಅಂದರೆ ಲೆಕ್ಕ ಇತ್ತು! ಗುಂಟೆಯವರೆಗೂ ಇತ್ತು. ಯಾವ ಕಾಯ್ದೆಯಲ್ಲಿ ಎಷ್ಟು ಹೋಯಿತು, ಎಷ್ಟು ಉಳಿಯಿತು ಅಂತ ಜಿಲ್ಲಾಡಳಿತಕ್ಕೆ ಗೊತ್ತಿತ್ತು. ಗಲಾಟೆ ಆದ ಮೇಲೆ ಕೆಲವೇ ದಿನಗಳಲ್ಲಿ ಅದನ್ನು ತೆಗೆದು ಓದಲು ಸಾಧ್ಯವಾಯಿತು ಅಂದರೆ, ಜಿಲ್ಲೆಯ ಬೇರೆ ರೈತರಿಗೆ ನೋಟಿಸ್ ಕಳಿಸುವ ಮೊದಲೇ ಓದಬಹುದಿತ್ತಲ್ಲ. ಗೆಜೆಟ್‌ನ ನೂರು ಎಕರೆಯಲ್ಲಿ ಸುಮಾರು ತೊಂಬತ್ತಮೂರೂವರೆ ಎಕರೆ ರೈತರಿಗೆ ಮಂಜೂರಾಗಿ ಹೋಗಿತ್ತು. ಉಳಿದದ್ದು ಐದೂವರೆ ಎಕರೆ ಅಷ್ಟೇ. ಹೀಗಿರುವಾಗ ಪೂರ್ತಿ ಗೆಜೆಟ್ ಇಟ್ಟುಕೊಂಡು ಹೊರಟರೆ ಹತ್ತರಲ್ಲಿ ಒಂಬತ್ತು ಸಲ ನೀವು ಹೋಗಿ ತಟ್ಟುವುದು ಕಾನೂನಿನ ಪ್ರಕಾರವೇ ಮಾಲೀಕನಾದ ರೈತನ ಬಾಗಿಲನ್ನೇ.

ಗೆಜೆಟ್‌ನ ಸ್ವಭಾವವೇ ಹಾಗೆ. ಅದು ಬಂದ ದಿನದ ಚಿತ್ರ. ಕೂಡಿಸುವುದಕ್ಕೆ ಅದರಲ್ಲಿ ಜಾಗ ಇದೆ, ಹೊಸ ಆಸ್ತಿ ಸಿಕ್ಕರೆ ಹೊಸ ಅಧಿಸೂಚನೆ ಬರುತ್ತದೆ. ಕಳೆಯುವುದಕ್ಕೆ ಜಾಗ ಇಲ್ಲ. ಭೂ ನ್ಯಾಯಮಂಡಳಿ ಒಂದು ಹೊಲವನ್ನು ಗೇಣಿದಾರನಿಗೆ ಮಂಜೂರು ಮಾಡಿದ ದಿನ ಗೆಜೆಟ್‌ನ ಆ ಸಾಲಿಗೆ ಯಾರೂ ಗೆರೆ ಎಳೆಯಲಿಲ್ಲ. ನ್ಯಾಯಮಂಡಳಿಯ ಆದೇಶ ಕಂದಾಯ ಇಲಾಖೆಗೆ ಹೋಯಿತು, ಪಹಣಿ ಬದಲಾಯಿತು. ಮಂಡಳಿಯ ಪುಸ್ತಕ ಹಾಗೇ ಉಳಿಯಿತು.

ಕಾಲದ ಲೆಕ್ಕವನ್ನೂ ನೋಡಿ. ದೇವರಾಜ ಅರಸು ಕಾಲದ ಭೂ ಸುಧಾರಣೆ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಅವತ್ತಿನಿಂದ ಗೇಣಿಯಲ್ಲಿದ್ದ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತು, ಉಳುವವರು ಫಾರಂ 7 ಕೊಟ್ಟು ಹಕ್ಕು ಪಡೆಯಬೇಕಾಯಿತು. ಹೊನವಾಡದ ಹೆಸರು ತಪ್ಪಾಗಿ ಸೇರಿದ ಗೆಜೆಟ್ ಕೂಡ 1974ರದ್ದೇ. ಒಂದೇ ವರ್ಷದಲ್ಲಿ ಸರ್ಕಾರದ ಒಂದು ಕೈ ಈ ಭೂಮಿ ವಕ್ಫ್‌ನದು ಅಂತ ಪಟ್ಟಿ ಮಾಡಿತು, ಇನ್ನೊಂದು ಕೈ ಗೇಣಿಯ ಭೂಮಿಯನ್ನು ಉಳುವವನಿಗೆ ಕೊಡಲು ಶುರು ಮಾಡಿತು. ಎರಡೂ ಕಾನೂನುಬದ್ಧವೇ. ಒಂದು ಕೈ ಮಾಡಿದ್ದನ್ನು ಇನ್ನೊಂದು ಕೈಯ ಪುಸ್ತಕದಲ್ಲಿ ಬರೆಯುವ ವ್ಯವಸ್ಥೆ ಮಾತ್ರ ಇರಲಿಲ್ಲ.

ಅದರ ಮೇಲೆ ಐವತ್ತು ವರ್ಷ ಕಳೆದಿದೆ. ಅಣ್ಣತಮ್ಮಂದಿರು ಪಾಲಾಗಿದ್ದಾರೆ, ಪೋಡಿ ಆಗಿದೆ, ಒಂದು ಸರ್ವೆ ನಂಬರು ಐದಾರು ಹಿಸ್ಸೆಯಾಗಿದೆ, ಕೆಲವು ಮಾರಾಟವಾಗಿವೆ. 2000ದ ಹೊತ್ತಿಗೆ ಭೂಮಿ ಯೋಜನೆ ಬಂದು ಕೈಬರಹದ ಪಹಣಿ ಕಂಪ್ಯೂಟರಿಗೆ ಏರಿತು. ಗೆಜೆಟ್‌ನಲ್ಲಿ ಒಂದೇ ನಂಬರ್ ಆಗಿ ಇರುವ ಹೊಲ ಈಗ ಪಹಣಿಯಲ್ಲಿ ಆರು ಮನೆಗಳ ಹೆಸರಿನಲ್ಲಿದೆ. ಅಲ್ಲಿ ವಕ್ಫ್ ಅಂತ ಒಂದು ಸಲ ಬರೆದರೆ ಆರು ಮನೆಯವರೂ ತಾಲ್ಲೂಕು ಕಚೇರಿಗೆ ಅಲೆಯಬೇಕು.

ಉಳುವವನು ಬೇರೆ, ನೋಡಿಕೊಳ್ಳುವವನು ಬೇರೆ

ಒಮ್ಮೆ ವಕ್ಫ್ ಆದದ್ದು ಯಾವತ್ತೂ ವಕ್ಫ್ ಅನ್ನೋ ಮಾತು ನೀವು ಕೇಳಿರುತ್ತೀರಿ. ಸುಪ್ರೀಂ ಕೋರ್ಟ್ 1998ರಲ್ಲಿ ಆಂಧ್ರಪ್ರದೇಶದ ಒಂದು ಪ್ರಕರಣದಲ್ಲಿ ಹಾಗೆ ಹೇಳಿತು. ಹಾಗಾದರೆ ರೈತರಿಗೆ ಮಂಜೂರಾದ ಭೂಮಿಯೂ ವಕ್ಫ್‌ನದೇ ಅಲ್ವಾ ಅಂತ ಕೆಲವರು ವಾದಿಸುತ್ತಾರೆ. ಇಲ್ಲಿ ನಿಧಾನವಾಗಿ ಓದಬೇಕು. ಆ ಪ್ರಕರಣದಲ್ಲಿ ಪಟ್ಟಾ (ಹಕ್ಕುಪತ್ರ) ಸಿಕ್ಕದ್ದು ದತ್ತಿಯ ಇನಾಂ ಅನುಭವಿಸುತ್ತಿದ್ದ ವ್ಯಕ್ತಿಗೆ, ಇನಾಂ ರದ್ದತಿ ಕಾಯ್ದೆಯಡಿ. ಅಂಥ ಪಟ್ಟಾ ಮೊದಲಿನ ಸಮರ್ಪಣೆಯನ್ನು ಅಳಿಸುವುದಿಲ್ಲ ಅಂತ ಕೋರ್ಟ್ ಹೇಳಿತು. ದತ್ತಿಯ ಭೂಮಿ ನೋಡಿಕೊಳ್ಳಲು ಇದ್ದವನು ತಾನೇ ಅದರ ಮಾಲೀಕ ಆಗಬಾರದು ಅನ್ನೋ ನ್ಯಾಯ ಅದು.

ದೇವಸ್ಥಾನಕ್ಕೂ ಇದೇ ನ್ಯಾಯ. 2021ರಲ್ಲಿ ಮಧ್ಯಪ್ರದೇಶದ ಪೂಜಾರಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಭೂಮಿಯ ಒಡೆಯ ದೇವರು, ಪೂಜಾರಿ ಆಸ್ತಿ ನೋಡಿಕೊಳ್ಳುವವನು ಮಾತ್ರ, ಮಾಲೀಕರ ಕಾಲಂನಲ್ಲಿ ದೇವರ ಹೆಸರೇ ಇರಬೇಕು ಅಂತ ಹೇಳಿತು.

ಹೊರಗಿನ ಗೇಣಿದಾರನ ಕಥೆ ಬೇರೆ. ಅವನಿಗೆ ಭೂಮಿ ಕೊಟ್ಟದ್ದು ವಕ್ಫ್ ನೋಡಿಕೊಳ್ಳುವ ಮುತವಲ್ಲಿಯಲ್ಲ, ಸರ್ಕಾರ. ಮೊದಲು ಕಾನೂನಿನ ಮೂಲಕ ಭೂಮಿ ಸರ್ಕಾರಕ್ಕೆ ಬಂತು, ಆಮೇಲೆ ನ್ಯಾಯಮಂಡಳಿ ವಿಚಾರಣೆ ಮಾಡಿ ಅವನಿಗೆ ಅಧಿಭೋಗದ ಹಕ್ಕು ಕೊಟ್ಟಿತು. ಭೂಮಿ ಹೋದ ಸಂಸ್ಥೆಗೆ ಸರ್ಕಾರ ವರ್ಷಾಸನ, ಅಂದರೆ ವರ್ಷಾವರ್ಷ ಹಣ, ಕೊಡಬೇಕು ಅಂತ ಅದೇ ಕಾಯ್ದೆ ಹೇಳಿತು. 11,835 ಎಕರೆಯನ್ನೂ 1,459 ಎಕರೆಯನ್ನೂ ಬೇರೆ ಬೇರೆ ಇಟ್ಟು ನೋಡಬೇಕು ಅನ್ನೋದು ಇದಕ್ಕೇ. ಇನಾಂ ರದ್ದತಿಯಲ್ಲಿ ಹೋದ ಭೂಮಿ ಯಾರ ಕೈಗೆ ಹೋಯಿತು, ಉಳುವವನಿಗೋ ನೋಡಿಕೊಳ್ಳುವವನಿಗೋ ಅಂತ ಒಂದೊಂದೇ ಆದೇಶ ತೆಗೆದು ಓದಬೇಕು. ಎರಡನ್ನೂ ಒಂದೇ ರಾಶಿಗೆ ಹಾಕಿದರೆ ಸಾಮಾನ್ಯ ರೈತನಿಗೆ ಅನ್ಯಾಯ, ದತ್ತಿಯನ್ನು ನುಂಗಿದವನಿಗೆ ರಕ್ಷಣೆ.

ಗೆಜೆಟ್‌ನಲ್ಲಿ ಹೆಸರು ಬಂದು ಒಂದು ವರ್ಷದೊಳಗೆ ಪ್ರಶ್ನೆ ಮಾಡದಿದ್ದರೆ ಮುಗಿಯಿತು ಅನ್ನೋ ಹೆದರಿಕೆಯೂ ರೈತರಲ್ಲಿ ಇತ್ತು. 1979ರಲ್ಲೇ ಸುಪ್ರೀಂ ಕೋರ್ಟ್ ರಾಜಸ್ಥಾನದ ಪ್ರಕರಣದಲ್ಲಿ ಇದಕ್ಕೆ ಉತ್ತರ ಕೊಟ್ಟಿದೆ. ವಕ್ಫ್‌ಗೆ ಸಂಬಂಧವೇ ಇಲ್ಲದ, ಜಮೀನಿನ ಸ್ವಾಧೀನದಲ್ಲಿರುವ ಮುಸ್ಲಿಮೇತರ ವ್ಯಕ್ತಿಯನ್ನು ಆ ಒಂದು ವರ್ಷದ ಗಡುವು ಕಟ್ಟಿಹಾಕುವುದಿಲ್ಲ ಅಂತ. ಆದರೂ ಪ್ರತಿ ರೈತ ಸುಪ್ರೀಂ ಕೋರ್ಟಿನ ತೀರ್ಪು ಹಿಡಿದು ಓಡಾಡಲು ಆಗುತ್ತದೆಯೇ?

ಇನ್ನು ಆದಾಯದ ಮಾತು.

ದತ್ತಿ ಭೂಮಿ ಇರುವುದು ಆದಾಯಕ್ಕೆ. ಯಾರೋ ಪುಣ್ಯಾತ್ಮರು ಒಂದು ಕಾಲದಲ್ಲಿ ಇದರ ಬೆಳೆಯಿಂದ ದೀಪ ಉರಿಯಲಿ, ಹಸಿದವರಿಗೆ ಊಟ ಸಿಗಲಿ, ಮಕ್ಕಳು ಓದಲಿ ಅಂತ ಬಿಟ್ಟ ಭೂಮಿ. ಆದಿಲ್‌ಶಾಹಿಗಳ ರಾಜಧಾನಿ ಆಗಿದ್ದ ವಿಜಯಪುರದ ಸುತ್ತ ದರ್ಗಾಗಳಿಗೆ, ಮಸೀದಿಗಳಿಗೆ ಇಂಥ ಇನಾಂ ಜಾಸ್ತಿ ಇದ್ದದ್ದು ಸಹಜ. ಮಹಲಬಾಗಾಯತ ಅನ್ನೋ ಹೆಸರಿನಲ್ಲೇ ತೋಟ ಇದೆ, ಬಾಗಾಯತ ಅಂದರೆ ತೋಟದ ಜಮೀನು.

ರಾಜ್ಯ ವಕ್ಫ್ ಮಂಡಳಿ ಈ ಭೂಮಿಯನ್ನು ತಾನೇ ಉಳುವುದಿಲ್ಲ, ತಾನೇ ಗೇಣಿ ಎತ್ತುವುದಿಲ್ಲ. ಪ್ರತಿ ವಕ್ಫ್‌ಗೆ ಒಬ್ಬ ಮುತವಲ್ಲಿ ಅಥವಾ ಒಂದು ಆಡಳಿತ ಸಮಿತಿ ಇರುತ್ತದೆ. ಬಜೆಟ್ ಮಾಡುವುದು, ಗುತ್ತಿಗೆ ಕೊಡುವುದು, ಲೆಕ್ಕ ಒಪ್ಪಿಸುವುದು ಅವರ ಕೆಲಸ. ಮಂಡಳಿ ಮೇಲಿಂದ ನೋಡುತ್ತದೆ. ಒಂದು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆಗೆ ಮಂಡಳಿಯ ಒಪ್ಪಿಗೆ ಬೇಕು. ಕೃಷಿ ಭೂಮಿ ಆದರೆ 3 ವರ್ಷ ಮೀರಿ ಕೊಡುವ ಹಾಗಿಲ್ಲ. ಈ ಮೇಲ್ವಿಚಾರಣೆಗೆ ಮಂಡಳಿಗೆ ಸಿಗುವುದು ಆ ವಕ್ಫ್‌ನ ನಿವ್ವಳ ವಾರ್ಷಿಕ ಆದಾಯದಲ್ಲಿ ಒಂದು ಪಾಲು. 1995ರ ಕಾಯ್ದೆಯಲ್ಲಿ ಅದು ಶೇ 7 ಇತ್ತು, 2025ರ ತಿದ್ದುಪಡಿ ಅದನ್ನು ಹೆಚ್ಚೆಂದರೆ ಶೇ 5ಕ್ಕೆ ಇಳಿಸಿತು. ವರ್ಷಕ್ಕೆ 5,000 ರೂಪಾಯಿಯೂ ನಿವ್ವಳ ಆದಾಯ ಇಲ್ಲದ ವಕ್ಫ್‌ನಿಂದ ಏನೂ ಇಲ್ಲ.

ಈಗ 14,201 ಎಕರೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ನೋಡಿ. ಕಾಗದದ ಮೇಲೆ ಇದು ಭಾರಿ ದೊಡ್ಡ ಜಮೀನ್ದಾರಿ. ಕೈಯಲ್ಲಿ ಇರುವುದು 773 ಎಕರೆ. ಹೊನವಾಡದ 11 ಎಕರೆಯಂತೆ ಬಹುಪಾಲು ಖಬರಸ್ತಾನವೇ ಆದ ಜಾಗದಿಂದ ಏನು ಆದಾಯ ಬರುತ್ತದೆ? ಬರಲೂಬಾರದು, ಅದು ಸತ್ತವರನ್ನು ಮಲಗಿಸಿದ ಜಾಗ. ಗುತ್ತಿಗೆಗೆ ಕೊಡಬಹುದಾದ ಹೊಲದಿಂದ ವರ್ಷಕ್ಕೆ ಒಂದು ಲಕ್ಷ ರೂಪಾಯಿ ನಿವ್ವಳ ಬಂತು ಅಂತಲೇ ಅಂದುಕೊಳ್ಳಿ. ಹಳೇ ಲೆಕ್ಕದಲ್ಲಿ ಮಂಡಳಿಗೆ ಸಿಗುವುದು 7,000, ಈಗ ಹೆಚ್ಚೆಂದರೆ 5,000. ಈ ದುಡ್ಡಿನಲ್ಲಿ ಸರ್ವೆ ಮಾಡಿಸಬೇಕು, ವಕೀಲರಿಗೆ ಕೊಡಬೇಕು, ಜಿಲ್ಲೆಯಲ್ಲಿ ಸಿಬ್ಬಂದಿ ಇಡಬೇಕು. ದಾಖಲೆ ಸರಿ ಇಡಲು ದುಡ್ಡಿಲ್ಲ, ದಾಖಲೆ ಸರಿ ಇಲ್ಲದ್ದರಿಂದ ದುಡ್ಡು ಬರುವುದಿಲ್ಲ. ಈ ಸುಳಿಯೊಳಗೆ ಸಿಕ್ಕಿದ ಮಂಡಳಿಗೆ ಹಳೇ ಗೆಜೆಟ್ ಒಂದೇ ಆಸರೆ, ಅದಕ್ಕೇ ಅದನ್ನು ಬಿಡಲು ಮನಸ್ಸು ಬರುವುದಿಲ್ಲ.

ನನಗೆ ಇದು ಬರೀ ವಕ್ಫ್‌ನ ಸಮಸ್ಯೆ ಅಂತ ಅನಿಸುವುದಿಲ್ಲ. ಮುಜರಾಯಿ ದೇವಸ್ಥಾನಗಳದ್ದೂ ಇದೇ ಹಾದಿ. ರಾಜ್ಯದಲ್ಲಿ ಸುಮಾರು 34,500 ಮುಜರಾಯಿ ದೇವಸ್ಥಾನಗಳಿವೆ. ವರ್ಷಕ್ಕೆ 25 ಲಕ್ಷ ದಾಟುವ ಎ ದರ್ಜೆಯವು ಇನ್ನೂರರ ಆಸುಪಾಸು, 5 ಲಕ್ಷದಿಂದ 25 ಲಕ್ಷದ ಬಿ ದರ್ಜೆಯವೂ ಹೆಚ್ಚುಕಡಿಮೆ ಅಷ್ಟೇ. ಉಳಿದ 34,000ಕ್ಕೂ ಹೆಚ್ಚು ಗುಡಿಗಳು 5 ಲಕ್ಷದ ಕೆಳಗಿನ ಸಿ ದರ್ಜೆ. ಇವುಗಳಲ್ಲಿ ಎಷ್ಟೋ ಗುಡಿಗಳಿಗೆ ಒಂದು ಕಾಲದಲ್ಲಿ ಇನಾಂ ಭೂಮಿ ಇತ್ತು. ಹಳೇ ಮೈಸೂರಿನಲ್ಲಿ 1955ರ ಕಾಯ್ದೆ ಧಾರ್ಮಿಕ ಇನಾಂಗಳನ್ನು ರದ್ದು ಮಾಡಿತು, ಬೇರೆ ಕಡೆಗಳಿಗೆ 1977ರ ಕಾಯ್ದೆ ಬಂತು. ಭೂಮಿ ಹೋದದ್ದಕ್ಕೆ ಬದಲಾಗಿ ತಸ್ತೀಕು, ಅಂದರೆ ಸರ್ಕಾರ ವರ್ಷಾವರ್ಷ ಕೊಡುವ ಹಣ. 2025–26ರ ಬಜೆಟ್‌ನಲ್ಲಿ ಸಿ ದರ್ಜೆ ದೇವಸ್ಥಾನಗಳ ವಾರ್ಷಿಕ ತಸ್ತೀಕನ್ನು 60,000ದಿಂದ 72,000 ರೂಪಾಯಿಗೆ ಏರಿಸಿದರು. ತಿಂಗಳಿಗೆ 6,000. ಎಣ್ಣೆ, ಬತ್ತಿ, ನೈವೇದ್ಯ, ಅರ್ಚಕರ ಮನೆ ಎಲ್ಲ ಅದರಲ್ಲೇ.

ಗುಡಿಯಾಗಲಿ ದರ್ಗಾ ಆಗಲಿ, ಭೂಮಿ ಕಳೆದುಕೊಂಡ ಸಂಸ್ಥೆಗೆ ಸರ್ಕಾರ ಕೊಡಬೇಕಾದದ್ದನ್ನು ಸರಿಯಾಗಿ ಕೊಟ್ಟಿದ್ದರೆ, ಕಾಲಕಾಲಕ್ಕೆ ಏರಿಸಿದ್ದರೆ, ಹಳೇ ಪಟ್ಟಿ ಹಿಡಿದು ರೈತನ ಹೊಲದ ಕಡೆ ನೋಡುವ ಅಗತ್ಯವೇ ಕಡಿಮೆ ಆಗುತ್ತಿತ್ತು. ಭೂ ಸುಧಾರಣೆಯಲ್ಲಿ ಗೇಣಿದಾರನಿಗೆ ನ್ಯಾಯ ಸಿಕ್ಕಿತು, ಅದು ಸರಿಯಾದ ಕೆಲಸ, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆ ನ್ಯಾಯದ ಖರ್ಚನ್ನು ಹೊರಬೇಕಾದದ್ದು ಸರ್ಕಾರ.

ನವೆಂಬರ್ ಆದೇಶ, ಅದರಾಚೆ

2024ರ ನವೆಂಬರ್ ಮೊದಲ ದಿನಗಳಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ರೈತರಿಗೆ ಕೊಟ್ಟ ನೋಟಿಸ್‌ಗಳನ್ನು ವಾಪಸ್ ಪಡೆಯಲು, ನೋಟಿಸ್ ಇಲ್ಲದೆ ಮಾಡಿದ ಪಹಣಿ ನಮೂದುಗಳನ್ನು ರದ್ದು ಮಾಡಲು ಹೇಳಿದರು. ಕಂದಾಯ ಇಲಾಖೆಯಿಂದ ಜಿಲ್ಲಾಧಿಕಾರಿಗಳಿಗೆ ಪತ್ರ ಹೋಯಿತು. ವಿಜಯಪುರದಲ್ಲಿ ಟಾಸ್ಕ್ ಫೋರ್ಸ್ ಆಯಿತು. ಬೆಂಕಿ ಆರಿಸಲು ಇದು ಬೇಕಿತ್ತು, ಸರಿಯಾದ ನಿರ್ಧಾರವೇ.

ಆದರೆ ಎಲ್ಲ ನೋಟಿಸನ್ನೂ ಒಟ್ಟಿಗೆ ವಾಪಸ್ ತೆಗೆದುಕೊಂಡಾಗ ಇನ್ನೊಂದೂ ಆಗುತ್ತದೆ. ಆ ರಾಶಿಯಲ್ಲಿ ನಿಜವಾದ ಒತ್ತುವರಿ ಇದ್ದರೆ ಅದೂ ತಪ್ಪಿಸಿಕೊಳ್ಳುತ್ತದೆ. ನಾಳೆ ಯಾರಾದರೂ ಖಬರಸ್ತಾನದ ಬೇಲಿ ಸರಿಸಿದರೆ, ದರ್ಗಾದ ಹೊಲಕ್ಕೆ ಖೊಟ್ಟಿ ಕಾಗದ ಮಾಡಿಸಿದರೆ, ಅದನ್ನು ಕೇಳಲು ಹೋಗುವ ಅಧಿಕಾರಿಗೆ ಊರವರು ನಿಮ್ಮ ಗೆಜೆಟ್ ನಂಬಲ್ಲ ಅಂತ ಹೇಳುತ್ತಾರೆ. 773 ಎಕರೆಯ ಮೇಲಿನ ನಂಬಿಕೆಯನ್ನು ಮಂಡಳಿ ಕಳೆದುಕೊಂಡದ್ದು ಉಳಿದ 13,428 ಎಕರೆಯ ಹಳೇ ಸಾಲುಗಳನ್ನು ಹೊಡೆದು ಹಾಕದೇ ಇದ್ದದ್ದರಿಂದ. ಇದರಲ್ಲಿ ನಷ್ಟ ಆದದ್ದು ಆ ದತ್ತಿಯಿಂದ ಫೀಸು, ಔಷಧಿ, ಊಟ ಪಡೆಯಬೇಕಿದ್ದ ಬಡವರಿಗೆ. ಅವರು ಧರಣಿಯಲ್ಲೂ ಇರಲಿಲ್ಲ, ಪತ್ರಿಕಾಗೋಷ್ಠಿಯಲ್ಲೂ ಇರಲಿಲ್ಲ.

2025ರ ಏಪ್ರಿಲ್‌ನಲ್ಲಿ ವಕ್ಫ್ ತಿದ್ದುಪಡಿ ಕಾಯ್ದೆಗೆ ರಾಷ್ಟ್ರಪತಿ ಅಂಕಿತ ಬಿತ್ತು. ಅದರ ಬಗ್ಗೆ ದೇಶದಲ್ಲಿ ದೊಡ್ಡ ವಾದ ನಡೆದಿದೆ, ಕೆಲವು ಭಾಗಗಳಿಗೆ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದೆ. ಅದೆಲ್ಲ ಬೇರೆ ಚರ್ಚೆ. ಹೊನವಾಡಕ್ಕೆ ನೇರವಾಗಿ ತಾಗುವ ಒಂದು ಸಾಲು ಅದರಲ್ಲಿದೆ. ವಕ್ಫ್ ಪಟ್ಟಿಯ ಆಧಾರದಲ್ಲಿ ಮುಟೇಷನ್ ತೀರ್ಮಾನಿಸುವ ಮೊದಲು ಕಂದಾಯ ಅಧಿಕಾರಿಗಳು ಎರಡು ದಿನಪತ್ರಿಕೆಗಳಲ್ಲಿ 90 ದಿನಗಳ ಸಾರ್ವಜನಿಕ ನೋಟಿಸ್ ಕೊಡಬೇಕು, ಒಂದು ಪತ್ರಿಕೆ ಆ ಪ್ರದೇಶದ ಭಾಷೆಯದ್ದಾಗಿರಬೇಕು, ಬಾಧಿತರ ಮಾತು ಕೇಳಬೇಕು. ವಕ್ಫ್‌ಗಳ ವಿವರವನ್ನು ಕೇಂದ್ರ ಸರ್ಕಾರದ ಉಮೀದ್ ಪೋರ್ಟಲ್‌ಗೆ ಏರಿಸಬೇಕು ಅಂತಲೂ ಇದೆ. ಪೋರ್ಟಲ್ 2025ರ ಜೂನ್ 6ರಂದು ಶುರುವಾಯಿತು.

ಪೋರ್ಟಲ್ ಬಗ್ಗೆ ನನಗಿರುವ ಆತಂಕ ಇಷ್ಟೇ. 1974ರ ಪಟ್ಟಿಯನ್ನು ಹಾಗೇ ಟೈಪ್ ಮಾಡಿ ಏರಿಸಿದರೆ ಬ್ರಾಕೆಟ್ ಕೂಡ ಏರುತ್ತದೆ. ಭೂಮಿ ಯೋಜನೆಯಲ್ಲಿ ಕೈಬರಹದ ತಪ್ಪುಗಳು ಕಂಪ್ಯೂಟರಿಗೆ ಬಂದದ್ದನ್ನು ನಾವೆಲ್ಲ ನೋಡಿದ್ದೇವೆ.

ನಾನು ಮಂಡಳಿಯಲ್ಲಿ ಕೂತಿದ್ದರೆ ಮೊದಲು ಮಾಡಿಸುತ್ತಿದ್ದ ಕೆಲಸ ಒಂದು ಹೊಸ ರಿಜಿಸ್ಟರ್. ಗೆಜೆಟ್‌ನ ಪ್ರತಿ ಸಾಲಿನ ಮುಂದೆ ಊರು, ಈಗಿನ ಹಿಸ್ಸಾ ನಂಬರು, ಈಗಿನ ಪಹಣಿಯಲ್ಲಿ ಯಾರಿದ್ದಾರೆ, ಹೋಗಿದ್ದರೆ ಯಾವ ಕಾಯ್ದೆಯಲ್ಲಿ ಯಾವ ದಿನಾಂಕದ ಯಾವ ಆದೇಶದಲ್ಲಿ ಹೋಯಿತು, ಅದಕ್ಕೆ ವರ್ಷಾಸನ ಎಷ್ಟು ಬರಬೇಕು, ಎಷ್ಟು ಬಂದಿದೆ. ಇದನ್ನು ಮಂಡಳಿಯ ಜಿಲ್ಲಾ ಅಧಿಕಾರಿಯೂ ತಹಸೀಲ್ದಾರರೂ ಒಂದೇ ಮೇಜಿನ ಮುಂದೆ ಕೂತು ತುಂಬಬೇಕು. ಆಮೇಲೆ ಅದನ್ನು ಗ್ರಾಮ ಪಂಚಾಯಿತಿ ಗೋಡೆಗೆ ಹಚ್ಚಬೇಕು. ಹೋದದ್ದನ್ನು ಮಂಡಳಿಯೇ ಬರೆದು ಒಪ್ಪಿಕೊಂಡರೆ ನೂರರಲ್ಲಿ ಉಳಿದ ಐದೂವರೆ ಎಕರೆಯನ್ನು ಕಾಯುವುದಕ್ಕೆ ಊರವರೇ ಜೊತೆಗೆ ಬರುತ್ತಾರೆ. ವಿಜಯಪುರದ ಮಟ್ಟಿಗೆ ಇದರ ಅರ್ಧ ಕೆಲಸ ಆಗಲೇ ಆಗಿದೆ, ಆ ನಾಲ್ಕು ಅಂಕಿಗಳ ಹಿಂದಿರುವ ಕಡತಗಳಲ್ಲಿ.

ಅದಾಗುವವರೆಗೆ, ಹಳೇ ದತ್ತಿ ಭೂಮಿ ಇದ್ದ ಊರಿನ ರೈತರು ಒಂದು ಕೆಲಸ ಮಾಡಿಟ್ಟುಕೊಳ್ಳಿ. ಭೂ ನ್ಯಾಯಮಂಡಳಿಯ ಆದೇಶ, ಫಾರಂ 10 ಅಂತ ಕರೆಯುವ ಅಧಿಭೋಗದ ಹಕ್ಕಿನ ಪ್ರಮಾಣಪತ್ರ, 1974ರ ಹಿಂದಿನ ಮತ್ತು ಮುಂದಿನ ಕೈಬರಹದ ಪಹಣಿ, ಮುಟೇಷನ್ ರಿಜಿಸ್ಟರ್‌ನ ನಕಲು, ಇಷ್ಟನ್ನು ತಾಲ್ಲೂಕಿನ ದಾಖಲೆ ಕೊಠಡಿಯಿಂದ ದೃಢೀಕರಿಸಿ ತಂದು ಇಡಿ. ಫಾರಂ 10 ಕಳೆದಿದ್ದರೂ ಆದೇಶದ ನಕಲು ಸಿಗಬಹುದು, ಅಜ್ಜನ ಹೆಸರು, ಊರು, ಸರ್ವೆ ನಂಬರ್ ಕೊಟ್ಟು ಕೇಳಿ. ವರ್ಷಕ್ಕೆ ಎರಡು ಸಲ ಮೊಬೈಲಿನಲ್ಲೇ ಪಹಣಿ ತೆಗೆದು 11ನೇ ಕಾಲಂ ನೋಡಿ. ನಮ್ಮ ಮನೆಯ ಪಹಣಿಯಲ್ಲಿ ಅದು ಈಗ ಖಾಲಿ ಇದೆ, ಆದರೂ ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ನಾನು ನೋಡುತ್ತೇನೆ.